ಚೀಲದಾಚೆಯ ಅಕ್ಷರ

ಜೂನ್ 11, ಮಂಗಳವಾರ

ಜೀವಿತಾಳನ್ನು ಮತ್ತೆ ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದೇವೆ. ಬೆಳಿಗ್ಗೆ ಶಾಲೆಗೆ ಹೊರಟವಳು ಜಗಲಿಯ ಮೇಲೆಯೇ ಕುಸಿದು ಕೂತಳು. ಕಾಲು ಎತ್ತಲು ಆಗುತ್ತಿಲ್ಲ ಎಂದಳು. ಕಣ್ಣಿನ ಕೆಳಗೆ ನಿನ್ನೆಯಿಂದಲೇ ಊತವಿತ್ತು. ನೊಣವಿನಕೆರೆಯಿಂದ ತಿಪಟೂರಿಗೆ ಆಟೋದಲ್ಲಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬಂದೆವು.

ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ, ಹೀಗೇ ಬಿಟ್ಟರೆ ಹೃದಯ ನಿಂತುಹೋಗಬಹುದು ಎಂದು ಡಾಕ್ಟರ್ ಹೇಳಿದರು. ಕುತ್ತಿಗೆಯ ಬಳಿ ನಳಿಕೆ ಹಾಕಿ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿದರು. ಒಂಬತ್ತು ವರ್ಷದ ಹುಡುಗಿ. ಯಂತ್ರ ತಿರುಗುವಷ್ಟು ಹೊತ್ತೂ ರಾಧಾಮಣಿ ಒಳಗೆ ಮಗಳ ಕೈ ಹಿಡಿದು ಕೂತಿದ್ದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ನೀವೂ ಬರಬಹುದು ಎಂದಿದ್ದರು. ಹೋಗಲಿಲ್ಲ.

ಅವಳ ಮೂತ್ರಪಿಂಡಗಳು ಹುಟ್ಟಿನಿಂದಲೇ ಚಿಕ್ಕವು ಎಂದು ಗೊತ್ತಾಗಿ ಎರಡು ವರ್ಷವಾಯಿತು. ಮಾತ್ರೆ, ಪಥ್ಯ ಎಲ್ಲ ನಡೆದೇ ಇತ್ತು. ಇಷ್ಟು ಬೇಗ ಈ ಹಂತಕ್ಕೆ ಬರಬಾರದಿತ್ತು ಎಂದು ಡಾಕ್ಟರ್ ಅಂದದ್ದು ತಲೆಯಲ್ಲೇ ಸುತ್ತುತ್ತಿದೆ.

ಮನೆಯಲ್ಲಿ ಅವ್ವ ಒಬ್ಬಳೇ. ಫೋನ್ ಮಾಡಿ, ಮಗು ಕಣ್ಣು ಬಿಟ್ಟಿದ್ದಾಳೆ ಎಂದೆ. ಅವ್ವ ಉಂಡಿರಲಿಕ್ಕಿಲ್ಲ. ಪಕ್ಕದ ಮನೆಯ ಭೈರಮ್ಮನಿಗೆ ಹೇಳಿ ಒಂದು ಮುದ್ದೆ ಕೊಡಿಸಬೇಕು.

ಜೂನ್ 12, ಬುಧವಾರ

ಗೊತ್ತಾಯಿತು.

ಮಗುವಿಗೆ ಏನು ಕೊಟ್ಟಿರಿ ಎಂದು ನಿನ್ನೆಯಿಂದ ಎಲ್ಲರೂ ಕೇಳುತ್ತಿದ್ದರು. ಪಥ್ಯ ಮೀರಿ ಏನೂ ಕೊಟ್ಟಿಲ್ಲ ಎಂದು ನಾನೂ ರಾಧಾಮಣಿಯೂ ಹೇಳುತ್ತಲೇ ಇದ್ದೆವು. ಇವತ್ತು ಭಾನುಪ್ರಿಯಾ ಎಂಬ ಸಿಸ್ಟರ್ ಬಂದರು. ಮೂತ್ರಪಿಂಡದ ಕಾಯಿಲೆಯಿರುವ ಮಕ್ಕಳ ಮನೆಯವರಿಗೆ ಆರೈಕೆ ಹೇಳಿಕೊಡುವುದು ಅವರ ಕೆಲಸವಂತೆ. ಹುಳಿಯಾರಿನವರು. ನಮ್ಮನ್ನು ಏನೂ ಕೇಳದೆ ಸೀದಾ ಮಂಚದ ಅಂಚಿನಲ್ಲಿ ಕೂತು ಜೀವಿತಾಳನ್ನು ಕೇಳಿದರು.

“ಪುಟ್ಟಿ, ನೀನು ಎಳನೀರು ಕುಡಿಯೋದು ಯಾರ ಮರದ್ದು?”

“ನನ್ನ ಮರದ್ದು.”

“ಯಾರು ಕಿತ್ತು ಕೊಡ್ತಾರೆ?”

“ಅಜ್ಜಿ. ದೋಟೀಲಿ.”

ಅವಳು ಹುಟ್ಟಿದ ತಿಂಗಳು ಹಿತ್ತಲಲ್ಲಿ ನೆಟ್ಟ ತೆಂಗಿನ ಸಸಿ ಹೋದ ವರ್ಷದಿಂದ ಫಲ ಬಿಟ್ಟಿದೆ. ಮರ ಇನ್ನೂ ಗಿಡ್ಡ. ದೋಟಿಗೆ ಎಟುಕುತ್ತದೆ. ನಾನು ತಿಪಟೂರಿನ ಕೊಬ್ಬರಿ ಮಂಡಿಗೂ ರಾಧಾಮಣಿ ಗಾರ್ಮೆಂಟ್ಸ್‌ಗೂ ಹೋದ ಮೇಲೆ ದಿನವೂ ಒಂದು ಎಳನೀರು ಕೆತ್ತಿ ಕುಡಿಸಿದ್ದಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ, ಈ ಮಗುವಿಗೆ ಕೂಡದು ಎಂದು ಡಾಕ್ಟರ್ ಹೇಳಿದ್ದರು. ಅದನ್ನು ಮನೆಯಲ್ಲಿ ಎಲ್ಲರ ಮುಂದೆ ನಾನು ಹೇಳಿದ್ದೆ.

ಆಗಲೇ ಮನೆಗೆ ಫೋನ್ ಮಾಡಿದೆ. ಉತ್ತರ ಹೀಗಿತ್ತು:

“ಅಂಗ್ಡೀದು ಬ್ಯಾಡ ಅಂದವ್ರೆ ಅಂದ್ಕಂಡೆ ಕಣ್ಲಾ. ಪ್ಯಾಟೆ ಡಾಕ್ಟ್ರು ಅಲ್ವಾ, ರೋಡಲ್ಲಿ ಮಾರೋದ್ನ ಹೇಳ್ತಾವ್ರೆ ಅಂತ. ಇದು ಮಗೀನ ಮರದ್ದು. ಉಚ್ಚೆ ಹುಯ್ಯಕ್ಕೆ ಒದ್ದಾಡ್ತಿತ್ತು, ತಂಪಾಗ್ಲಿ ಅಂತ ಕೊಟ್ಟೆ.”

ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ.

ಜೂನ್ 13, ಗುರುವಾರ

ಚೌಡಮ್ಮ ಫೋನ್ ಮಾಡಿದ್ದರು. ತೆಗೆಯಲಿಲ್ಲ. ಅವ್ವ ಎಂದು ಬರೆಯಲು ಮನಸ್ಸು ಬರುತ್ತಿಲ್ಲ.

ಜೂನ್ 15, ಶನಿವಾರ

ಅಂಜನಪ್ಪ ಮಾವ ಬಂದಿದ್ದರು. ರಾಧಾಮಣಿಯ ಅಣ್ಣ ಶೆಟ್ಟಿಕೆರೆಯಿಂದ ಬಂದಿದ್ದ. ಇಬ್ಬರ ಕೈಯಲ್ಲೂ ಎಳನೀರಿನ ಗೊನೆ. ನಮ್ಮ ಕಡೆಯವರು ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರುವುದಿಲ್ಲ, ತಂದದ್ದನ್ನು ಬೇಡ ಎನ್ನುವ ವಾಡಿಕೆಯೂ ಇಲ್ಲ. ತೆಗೆದುಕೊಂಡು ಹೋಗಿ ಕೆಳಗೆ ಕಾವಲಿನವನಿಗೆ ಕೊಟ್ಟು ಬಂದೆ.

ಚೌಡಮ್ಮನೂ ಮಾವನ ಜೊತೆ ಬಂದಿದ್ದರು. ಮೇಲಕ್ಕೆ ಕರೆದುಕೊಂಡು ಬರಬೇಡಿ ಎಂದು ಮಾವನಿಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಮಧ್ಯಾಹ್ನದ ಬಸ್ಸಿನವರೆಗೆ ಆಕೆ ಕೆಳಗೆ ಹೊಂಗೆ ಮರದಡಿ ಕೂತಿದ್ದು ವಾರ್ಡಿನ ಕಿಟಕಿಯಿಂದ ಕಾಣುತ್ತಿತ್ತು. ಭಾನುಪ್ರಿಯಾ ಸಿಸ್ಟರ್ ಕಿಟಕಿಯ ಹತ್ತಿರ ಬಂದು ಯಾರು ಅದು ಎಂದು ಕೇಳಿದರು. ನಮ್ಮ ಊರಿನವರು ಎಂದೆ.

ಹಿತ್ತಲಿನ ಆ ಮರ ಕಡಿಸಬೇಕು. ಮರ ಕಡಿಯುವ ಚಿಕ್ಕಹನುಮಯ್ಯನಿಗೆ ಹೇಳಿ ಕಳಿಸಿದ್ದೇನೆ.

ಜೂನ್ 19, ಬುಧವಾರ

ಇನ್ನು ಮಾತ್ರೆಯಲ್ಲಿ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಬೇರೆ ಮೂತ್ರಪಿಂಡ ಹೊಂದಿಸುವವರೆಗೆ ಡಯಾಲಿಸಿಸ್ ಬೇಕು. ಯಂತ್ರಕ್ಕಾದರೆ ವಾರದಲ್ಲಿ ಮೂರು ದಿನ ಇಲ್ಲಿಗೆ ಬರಬೇಕು, ಶಾಲೆ ಮರೆಯಬೇಕು. ಇನ್ನೊಂದು ಬಗೆ ಮನೆಯಲ್ಲೇ ಮಾಡುವುದು. ಹೊಟ್ಟೆಗೆ ಸಣ್ಣದೊಂದು ಕೊಳವೆ ಕೂರಿಸುತ್ತಾರೆ. ಚೀಲದಿಂದ ದ್ರಾವಣವನ್ನು ಹೊಟ್ಟೆಯೊಳಕ್ಕೆ ಬಿಟ್ಟು, ಕೆಲವು ಗಂಟೆ ಬಿಟ್ಟು ಹೊರಕ್ಕೆ ಇಳಿಸಿ, ಹೊಸದನ್ನು ಬಿಡಬೇಕು. ದಿನಕ್ಕೆ ನಾಲ್ಕು ಸಲ. ಮಾಡುವವರ ಕೈ ಕೊಳೆಯಾಗಿದ್ದರೆ ಹೊಟ್ಟೆಯೊಳಗೆ ನಂಜಾಗಿ ಜೀವಕ್ಕೆ ಅಪಾಯ.

ಕಲಿಯಲು ಮನೆಯಿಂದ ಇಬ್ಬರು ಬೇಕು ಎಂದರು ಸಿಸ್ಟರ್. ನಾನು, ರಾಧಾಮಣಿ ಎಂದೆ. ಹಗಲು ಹೊತ್ತು ಮನೆಯಲ್ಲಿ ಇರುವವರು ಯಾರು ಎಂದು ಕೇಳಿದರು. ಅತ್ತೆ ಇರುತ್ತಾರೆ ಎಂದು ರಾಧಾಮಣಿ ಹೇಳಿದಳು.

“ಹೊಂಗೆ ಮರದ ಕೆಳಗೆ ಕೂತಿದ್ದೋರು ಅವರೇ ಅಲ್ವಾ? ಅವರನ್ನ ಕರೆಸಿ,” ಎಂದರು ಸಿಸ್ಟರ್.

ನನಗೆ ತಡೆಯಲಾಗಲಿಲ್ಲ. “ಮಗೂನ ಸಾವಿನ ಬಾಗ್ಲಿಗೆ ತಂದೋರ ಕೈಗೆ ಇದನ್ನೂ ಕೊಡೋದಾ ಸಿಸ್ಟರ್?”

“ದಿನಾ ಕಿತ್ತು, ಕೆತ್ತಿ, ಪಕ್ಕದಲ್ಲಿ ಕೂತು, ಒಂದು ದಿನಾನೂ ತಪ್ಪಿಸದಂಗೆ ಕುಡಿಸವ್ರೆ ಶಿವರಾಜಣ್ಣ. ನಂಗೆ ಬೇಕಾಗಿರೋದು ಆ ಕೈಯೇ. ಏನು ಕೊಡ್ಬೇಕು, ಏನು ಬ್ಯಾಡ ಅನ್ನೋದನ್ನ ನಾನು ಹೇಳ್ಕೊಡ್ತೀನಿ.”

ಎದ್ದು ಹೊರಗೆ ಬಂದೆ. ಕ್ಯಾಂಟೀನಿನಲ್ಲಿ ಕೂತು ಪೇಪರ್ ಓದಿದೆ. ಏನು ಓದಿದೆ ಎಂದು ಈಗ ನೆನಪಿಲ್ಲ.

ಜೂನ್ 24, ಸೋಮವಾರ

ಕೊಳವೆ ಕೂರಿಸಿದ ಗಾಯ ಒಣಗುತ್ತಿದೆ. ಅದು ಮಾಯುವವರೆಗೆ ನಮಗೆ ಪಾಠ.

ರಾಧಾಮಣಿ ನನ್ನನ್ನು ಕೇಳದೆ ಚೌಡಮ್ಮನನ್ನು ಕರೆಸಿದ್ದಾಳೆ. ಬೆಳಿಗ್ಗೆ ಬಸ್ ಇಳಿದು ಚೀಲ ಹಿಡಿದು ಬಂದರು. ಜೀವಿತಾ ಮಂಚದಿಂದ ಇಳಿಯಲು ಹೋಗಿ ಬೈಸಿಕೊಂಡಳು. ನಾನು ನೀರು ತರಲು ಎದ್ದು ಹೋದೆ.

ಮೊದಲ ಪಾಠ ಕೈ ತೊಳೆಯುವುದು. ಬೆರಳ ಸಂದಿ, ಉಗುರು, ಮುಂಗೈ, ಮೊಣಕೈವರೆಗೆ. ಚೌಡಮ್ಮ ಚೆನ್ನಾಗಿಯೇ ತೊಳೆದರು. ಆಮೇಲೆ ಸೆರಗಿಗೆ ಒರೆಸಿಕೊಂಡರು. ಸಿಸ್ಟರ್ ಮತ್ತೆ ಮೊದಲಿಂದ ಎಂದರು. ಮತ್ತೆ ತೊಳೆದರು, ಮತ್ತೆ ಕೈ ತಾನಾಗಿ ಸೆರಗಿಗೆ ಹೋಯಿತು. ಬೆಳಗ್ಗೆಯೆಲ್ಲ ಹೀಗೇ. ಸ್ಟೆರೈಲ್, ಇನ್ಫೆಕ್ಷನ್ ಎಂದು ಪಕ್ಕದಲ್ಲಿದ್ದ ನರ್ಸ್ ಹುಡುಗಿಯೊಬ್ಬಳು ವಿವರಿಸುತ್ತಿದ್ದಳು. ಚೌಡಮ್ಮ ತಲೆಯಾಡಿಸುತ್ತಿದ್ದರೇ ಹೊರತು ಅರ್ಥವಾದಂತೆ ಕಾಣಲಿಲ್ಲ. ಕಡೆಗೆ ಭಾನುಪ್ರಿಯಾ ಸಿಸ್ಟರ್ ಹತ್ತಿರ ಬಂದು, “ಅಜ್ಜಿ, ಇದು ಮಡಿ. ದೇವರ ಮನೇಲಿ ಮಡೀಲಿದ್ದಾಗ ಮೈಲಿಗೆ ಬಟ್ಟೆ ಮುಟ್ತೀರಾ?” ಎಂದರು.

“ಅದ್ಯಾಕೆ ಮುಟ್ಲಿ,” ಎಂದು ಆಕೆ ಕೈಯೆರಡನ್ನೂ ಮೇಲಕ್ಕೆ ಎತ್ತಿ ಹಿಡಿದುಕೊಂಡು ಗಾಳಿಗೆ ಒಣಗಿಸಿದರು. ಆಮೇಲೆ ಸೆರಗು ಮುಟ್ಟಲಿಲ್ಲ. ನಮ್ಮನ್ನೇ ದೂರ ನಿಲ್ಲಿಸಿದರು.

ನಾನೂ ತಪ್ಪಿದೆ. ಉಗುರಿನ ಸಂದಿಯಲ್ಲಿ ಕೊಬ್ಬರಿ ಎಣ್ಣೆ ಉಳಿದಿತ್ತು. ವರ್ಷಗಟ್ಟಲೆ ಮಂಡಿಯಲ್ಲಿ ಕೊಬ್ಬರಿ ಆಯ್ದ ಕೈ, ಒಂದು ಸಲಕ್ಕೆ ಹೋಗುವುದಿಲ್ಲ.

ಜುಲೈ 2, ಮಂಗಳವಾರ

ಚೀಲದ ಕೆಲಸ ಶುರುವಾಗಿದೆ. ಇವತ್ತು ಕಲಿತದ್ದು ಮುಖ್ಯವಾದದ್ದು.

ಹೊಟ್ಟೆಯಿಂದ ಹೊರಗೆ ಇಳಿದ ದ್ರಾವಣದ ಚೀಲವನ್ನು ದಿನಪತ್ರಿಕೆಯ ಮೇಲೆ ಇಡಬೇಕು. ಚೀಲದೊಳಗಿಂದ ಅಕ್ಷರ ಓದಲು ಬಂದರೆ ತಿಳಿಯಾಗಿದೆ, ಎಲ್ಲ ಸರಿಯಿದೆ. ಅಕ್ಷರ ಮಸುಕಾದರೆ ನಂಜು ಶುರುವಾಗಿದೆ ಎಂದು ಅರ್ಥ. ಒಂದು ಗಳಿಗೆಯೂ ಕಾಯದೆ ಆ ಚೀಲದ ಸಮೇತ ಆಸ್ಪತ್ರೆಗೆ ಬರಬೇಕು. ನಾನು ಓದಿದೆ, ರಾಧಾಮಣಿ ಓದಿದಳು. ಚೌಡಮ್ಮನ ಸರದಿ ಬಂತು. ಆಕೆಗೆ ಓದಲು ಬರುವುದಿಲ್ಲ.

ಅಕ್ಷರ ಗೊತ್ತಿಲ್ಲದಿದ್ದರೆ ಗೆರೆ ಚೂಪಾಗಿ ಕಾಣುತ್ತಿದೆಯೇ ಎಂದು ನೋಡಿದರೂ ಸಾಕು ಎಂದರು ಸಿಸ್ಟರ್. ಆಕೆ ಒಪ್ಪಲಿಲ್ಲ. “ಚೂಪಾಗೈತೆ ಅಂತ ನನ್ ಕಣ್ಣು ನಂಗೆ ಸುಳ್ಳು ಹೇಳ್ಬೋದು. ಮಗು ಓದ್ಲಿ,” ಎಂದರು. ಜೀವಿತಾ ಮಲಗಿದಲ್ಲಿಂದ ಎದ್ದು ಕೂತು ಚೀಲದ ಮೂಲಕ ಓದಿದಳು. ರಾಗಿ ಬಿತ್ತನೆ ಬೀಜದ ಸುದ್ದಿ. ಚೌಡಮ್ಮ ಪೂರ್ತಿ ಕೇಳಿ, ಹಿಂದಿನ ಸಾಲು ಇನ್ನೊಂದು ಸಲ ಓದಿಸಿದರು. ಹುಡುಗಿ ನಕ್ಕಳು. ಇಲ್ಲಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಚೌಡಮ್ಮ ಎಲೆ ಅಡಿಕೆ ಹಾಕುವುದನ್ನು ಬಿಟ್ಟಿದ್ದಾರೆ. ಬಾಯಿಗೆ ಮಾಸ್ಕ್ ಕಟ್ಟಬೇಕು, ಕೈಗೆ ಸುಣ್ಣ ಹತ್ತಬಾರದು ಎಂದು. ಯಾರೂ ಬಿಡಿ ಎಂದಿರಲಿಲ್ಲ. ರಾಧಾಮಣಿ ಹೇಳಿದ ಮೇಲೆ ಗಮನಿಸಿದೆ.

ಜುಲೈ 9, ಮಂಗಳವಾರ

ಮನೆಗೆ ಕಳಿಸುವ ಮುಂಚೆ ಸಿಸ್ಟರ್ ಮನೆ ನೋಡಬೇಕು ಎಂದರು. ನಾನು ಊರಿಗೆ ಹೋಗಿ ಫೋನಿನ ವಿಡಿಯೋದಲ್ಲಿ ಒಂದೊಂದೇ ಕೋಣೆ ತೋರಿಸಿದೆ. ನಮ್ಮದು ಅಟ್ಟದ ಮನೆ. ಅಟ್ಟದ ಮೇಲೆ ಉಂಡೆ ಕೊಬ್ಬರಿಗೆಂದು ಕಾಯಿ ತುಂಬಿದ್ದೇವೆ. ವರ್ಷದ ಹತ್ತಿರ ಅಲ್ಲೇ ಒಣಗಬೇಕು. ನಡುಮನೆ, ಕೋಣೆ, ಎಲ್ಲಿ ನೋಡಿದರೂ ತೊಲೆಯ ಸಂದಿಯಿಂದ ನಾರಿನ ಧೂಳು. ಸಿಸ್ಟರ್ ಪ್ರತಿ ಕೋಣೆಗೂ ಇಲ್ಲ, ಇಲ್ಲ ಎಂದರು. ಹೊಸ ಕೋಣೆ ಕಟ್ಟುವವರೆಗೆ ಮಗು ಆಸ್ಪತ್ರೆಯಲ್ಲೇ ಇರಬೇಕಾಗುತ್ತದೇನೋ ಎಂದು ನನಗೆ ದಿಗಿಲಾಯಿತು.

ಆಗ ಆ ಕಡೆ, ಆಸ್ಪತ್ರೆಯಲ್ಲಿ, ಸಿಸ್ಟರ್ ಪಕ್ಕದಿಂದ ಚೌಡಮ್ಮನ ದನಿ ಕೇಳಿಸಿತು.

“ದ್ಯಾವ್ರ ಮನೆ ತೋರ್ಸು ಅನ್ನಿ ಅವ್ನಿಗೆ.”

ತೋರಿಸಿದೆ. ಅದೊಂದೇ ಮೇಲೆ ಅಟ್ಟವಿಲ್ಲದ, ತಾರಸಿ ಹಾಕಿಸಿದ ಕೋಣೆ. ಗಟ್ಟಿ ಬಾಗಿಲು. ಕಾಲು ತೊಳೆಯದೆ ಯಾರೂ ಒಳಗೆ ಹೋಗುವುದಿಲ್ಲ.

“ದೇವರು?” ಎಂದು ಸಿಸ್ಟರ್ ಕೇಳಿದ್ದು ಕೇಳಿಸಿತು.

“ನಡುಮನೇಲಿ ಇರ್ತಾನೆ ಬುಡವ್ವ. ಅವ್ನಿಗೇನು ಧೂಳಾದ್ರೆ ಕೆಮ್ಮು ಬತ್ತದಾ?”

ಸಂಜೆ ನಾನೇ ದೇವರ ಪಟಗಳನ್ನು ನಡುಮನೆಯ ಗೂಡಿಗೆ ತಂದಿಟ್ಟೆ. ಗೋಡೆಗೆ ಸುಣ್ಣ ಬಳಿದೆ. ಹೊಗೆ ಹಿಡಿದ ಜಾಗ ಮಾತ್ರ ಎಷ್ಟು ಬಳಿದರೂ ಕಾಣುತ್ತದೆ.

ಜುಲೈ 14, ಭಾನುವಾರ

ಮನೆಗೆ ಬಂದೆವು. ಮಳೆ.

ಜುಲೈ 21, ಭಾನುವಾರ

ಒಂದು ವಾರ ಸರಿಯಾಗಿ ನಡೆಯಿತು. ಬೆಳಿಗ್ಗೆ ನಾನು, ರಾತ್ರಿ ರಾಧಾಮಣಿ, ನಡುವೆ ಎರಡು ಸಲ ಜೀವಿತಾಳ ಅಜ್ಜಿ. ಭಾನುಪ್ರಿಯಾ ಸಿಸ್ಟರ್ ದಿನಕ್ಕೊಂದು ಸಲ ಫೋನ್ ಮಾಡುತ್ತಾರೆ. ಮಾತಾಡುವುದು ಹೆಚ್ಚಾಗಿ ಅಜ್ಜಿಯ ಜೊತೆಗೇ. ಮೊದಲು ಮಗುವಿನ ವಿಷಯ, ಆಮೇಲೆ ಹುಳಿಯಾರು ಸಂತೆಯ ವಿಷಯ.

ಇವತ್ತು ಮಗು ಬಂದ ಸುದ್ದಿ ತಿಳಿದು ಊರಿನವರೆಲ್ಲ ನೋಡಲು ಬಂದರು. ಒಬ್ಬೊಬ್ಬರ ಕೈಯಲ್ಲೂ ಎಳನೀರು. ಆಕೆ ಜಗಲಿಯ ಮೇಲೆ ಬಾಗಿಲಿಗೆ ಅಡ್ಡ ಕೂತಿದ್ದರು. ಬೇಡ ಎಂದು ಯಾರಿಗೂ ಹೇಳಲಿಲ್ಲ. ಕೊಟ್ಟವರ ಎದುರೇ ಕೆತ್ತಿಸಿ ತಾವೇ ಕುಡಿದರು. ಭೈರಮ್ಮ ಸುಮ್ಮನಿರಲಿಲ್ಲ.

“ಮಗೀಗೆ ಅಂತ ತಂದ್ರೆ ನೀನೇ ಗಟಗಟ ಅಂತ ಕುಡೀತೀಯಲ್ಲೇ ಚೌಡಿ, ಏನ್ ಬಾಯಿ ಚಪಲಾನೇ ನಿಂದು.”

“ಊಂ ಕಣೇ. ಮಗೀಗೆ ಇದು ವಿಷ. ನಾನು ಕುಡ್ಸಿ ನೋಡಿವ್ನಿ. ನೀನು ಕುಡ್ಸಬ್ಯಾಡ.”

ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಭೈರಮ್ಮ ತಂದಿದ್ದ ಇನ್ನೊಂದು ಬುರುಡೆಯನ್ನು ತಾನೇ ಕೆತ್ತಿ ಕುಡಿದಳು. ಸಂಜೆ ಅಜ್ಜಿಗೆ ಹೊಟ್ಟೆ ಉಬ್ಬರಿಸಿ ಊಟ ಸೇರಲಿಲ್ಲ. ಜೀರಿಗೆ ನೀರು ಕೊಡು ಎಂದು ರಾಧಾಮಣಿಗೆ ಹೇಳಿದೆ.

ಚಿಕ್ಕಹನುಮಯ್ಯ ಗರಗಸ ಹಿಡಿದು ಬಂದಿದ್ದ. ಮಳೆ ಇದೆ, ಇನ್ನೊಂದು ದಿನ ಬಾ ಎಂದೆ. ಅವನು ಆಕಾಶ ನೋಡಿದ. ಮಳೆ ನಿಂತಿತ್ತು.

ಆಗಸ್ಟ್ 7, ಬುಧವಾರ

ತುಮಕೂರಿನ ಆಸ್ಪತ್ರೆಯಲ್ಲಿ ಬರೆಯುತ್ತಿದ್ದೇನೆ. ಮಂಡಿಯಲ್ಲಿ ಹರಾಜು ನಡೆಯುತ್ತಿದ್ದಾಗ ಅವ್ವನ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು.

“ಮಗೀಗೆ ಓದಕ್ಕಾಗ್ಲಿಲ್ಲ ಕಣ್ಲಾ. ದಪ್ಪಕ್ಷರಾನೂ ಕಾಣ್ಲಿಲ್ಲ ಅಂತು. ಬಸ್ಸು ಸಿಕ್ತು, ಹೊಂಟಿವ್ನಿ. ನೀನು ಬಾ.”

ನಾನು ತಲುಪುವಷ್ಟರಲ್ಲಿ ಮಗುವನ್ನು ಒಳಗೆ ಕರೆದುಕೊಂಡಿದ್ದರು. ಅವ್ವ ಆ ಚೀಲವನ್ನು ಒಗೆದ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದು ಸಿಸ್ಟರ್ ಕೈಗೇ ಕೊಟ್ಟಿದ್ದಾಳೆ. ಜ್ವರ ಈಗಷ್ಟೇ ಶುರುವಾಗಿದೆ. ಹೊಟ್ಟೆನೋವು ಇದೆ. ದ್ರಾವಣದ ಚೀಲದಲ್ಲೇ ಔಷಧಿ ಸೇರಿಸಿ ಬಿಡುತ್ತಿದ್ದಾರೆ. ಗುಣವಾಗುತ್ತದೆಯೇ ಎಂದು ಕೇಳಿದೆ. ನಾಳೆ ಚೀಲ ನೋಡಿ ಹೇಳುತ್ತೇವೆ ಎಂದರು.

ಇವತ್ತು ನಾನು ಒಳಗೇ ಇದ್ದೇನೆ. ಜೀವಿತಾ ನನ್ನ ಹೆಬ್ಬೆರಳು ಹಿಡಿದುಕೊಂಡೇ ನಿದ್ದೆ ಹೋದಳು. ಪುಸ್ತಕ ಮೊಣಕಾಲ ಮೇಲಿಟ್ಟು ಒಂದೇ ಕೈಯಲ್ಲಿ ಬರೆಯುವುದು ಕಷ್ಟ.

ಆಗಸ್ಟ್ 9, ಶುಕ್ರವಾರ

ನಿನ್ನೆ ಚೀಲ ಇನ್ನೂ ಮಸುಕಾಗಿತ್ತು. ಇವತ್ತು ದಪ್ಪ ಅಕ್ಷರ ಕಾಣುತ್ತಿದೆ. ಜ್ವರ ಇಳಿದಿದೆ.

ಹೇಗೆ ನಂಜಾಯಿತು, ಯಾರ ಕೈಯಲ್ಲಿ ಆಗಿರಬಹುದು ಎಂದು ಸಿಸ್ಟರ್ ಅವರನ್ನು ಕೇಳಿದೆ. ಅವ್ವ ಅಲ್ಲೇ ಬಾಗಿಲ ಪಕ್ಕ ನಿಂತಿದ್ದಳು.

“ಯಾರು ಅಂತ ಹುಡುಕ್ಬ್ಯಾಡಿ ಅಣ್ಣ. ಹುಡುಕಿದ್ರೆ ಮುಂದಿನ ಸಲ ಮನೇಲಿ ಯಾರೂ ಬಾಯಿ ಬಿಡಲ್ಲ. ಮೊನ್ನೆ ಅಜ್ಜಿ ಬಾಯಿ ಬಿಟ್ರು, ಅದಕ್ಕೇ ಸಮಯಕ್ಕೆ ಬಂದ್ರಿ.”

ಅವ್ವ ನನ್ನ ಕಡೆ ನೋಡಲಿಲ್ಲ. ಕೈ ತೊಳೆಯುವ ತೊಟ್ಟಿಯ ಕಡೆ ಹೋದಳು. ಅವಳು ತೊಳೆದಾದ ಮೇಲೆ ನಾನು ತೊಳೆದೆ. ಇಬ್ಬರೂ ಕೈ ಮೇಲೆತ್ತಿ ಒಣಗಿಸುತ್ತಾ ನಿಂತೆವು. ನಿನ್ನ ಉಗುರು ತೋರಿಸು ಎಂದಳು. ತೋರಿಸಿದೆ.

ಪಕ್ಕದ ಮಂಚಕ್ಕೆ ಚಿಕ್ಕನಾಯಕನಹಳ್ಳಿ ಕಡೆಯ ದುರ್ಗಯ್ಯ ಎಂಬಾತ ಮಗನನ್ನು ಸೇರಿಸಿದ್ದಾನೆ. ಅದೇ ಕಾಯಿಲೆ. ಯಂತ್ರದ ಕೋಣೆಯ ಬಾಗಿಲಲ್ಲಿ ಒಳಗೂ ಹೋಗದೆ ಹೊರಗೂ ಬರದೆ ನಿಂತಿದ್ದ. ಒಳಗೆ ಹೋಗಿ, ಹುಡುಗ ಕೈ ಹಿಡ್ಕೊಳ್ಳೋಕೆ ಹುಡುಕ್ತಾನೆ ಎಂದೆ. ಆಮೇಲೆ, ಮನೆಯಲ್ಲಿ ಹಗಲು ಹೊತ್ತು ಯಾರಿರುತ್ತಾರೆ, ನಿಮ್ಮ ಮರದ ಎಳನೀರು ಯಾರು ಕೀಳುತ್ತಾರೆ ಎಂದು ಕೇಳಿದೆ. ನಮ್ಮಮ್ಮ ಎಂದ. ಅವರ ಮೇಲೆ ರೇಗಬೇಡಿ, ಇಲ್ಲಿಗೆ ಕರೆಸಿ ಎಂದೆ.

ಆಗಸ್ಟ್ 20, ಮಂಗಳವಾರ

ಮನೆಗೆ ಬಂದು ಕೆಲವು ದಿನವಾಯಿತು. ಇವತ್ತಿನಿಂದ ನಾನು, ರಾಧಾಮಣಿ ಇಬ್ಬರೂ ಕೆಲಸಕ್ಕೆ ಹೋದೆವು. ನಂಜಾದ ಮೇಲೆ ಅವ್ವ ಒಬ್ಬಳೇ ಚೀಲ ಬದಲಾಯಿಸಿದ್ದು ಇದೇ ಮೊದಲು. ಮಂಡಿಯಲ್ಲಿ ಫೋನನ್ನು ಜೇಬಿನಿಂದ ತೆಗೆದು ಎದುರಿಗೇ ಇಟ್ಟುಕೊಂಡು ಕೊಬ್ಬರಿ ಆಯ್ದೆ. ಬರಲಿಲ್ಲ. ಬರದಿದ್ದರೂ ಸಮಾಧಾನವಿರಲಿಲ್ಲ.

ಸಂಜೆ ಬಸ್ ಇಳಿದು ಬಂದಾಗ ಅವ್ವ ಜಗಲಿಯ ಮೇಲಿದ್ದಳು. ಎರಡೂ ಕೈ ಮುಂದಕ್ಕೆ ಹಿಡಿದು ಒಣಗಿಸುತ್ತಿದ್ದಳು. ಒಳಗೆ ಜೀವಿತಾ ಯಾವುದೋ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದಳು. ಚೀಲ ಹೇಗಿತ್ತು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನೇ ಹೇಳಿದಳು.

“ನಾಲೆಗೆ ನೀರು ಬುಟ್ಟವ್ರಂತೆ ಕಣ್ಲಾ. ನಮ್ ಕಡೆ ಕೆರೆಗೂ ಬತ್ತದಂತೆ.”

ಬೆಳಿಗ್ಗೆ ಪೇಪರ್ ಓದಿಯೇ ಮಂಡಿಗೆ ಹೋಗಿದ್ದೆ. ಆ ಸುದ್ದಿ ಒಳಪುಟದಲ್ಲಿತ್ತು. ಕೆರೆಗಳ ವಿಷಯ ಕೊನೆಯ ಸಾಲಿನಲ್ಲಿ.

“ಅದು ಸಣ್ಣ ಅಕ್ಷರದಲ್ಲಿತ್ತಲ್ಲ ಅವ್ವಾ?”

“ಊಂ. ತೀರಾ ಸಣ್ಣಕ್ಷರ ಅಂತು ಮಗು.”

ಕೈ ತೊಳೆಯಲು ಒಳಗೆ ಹೋದೆ.